ದೊಡ್ಡ ಗಾಲಿಗೆ ಎಂಥ ಟೈರು?

2024ರ ಜುಲೈ ತಿಂಗಳು. ಪುನರ್ವಸು ಮಳೆ ಬಿಟ್ಟೂ ಬಿಡದೆ ಹೊಯ್ಯುತ್ತಿತ್ತು. ಸಾಗರದಿಂದ ಎಂಟು ಕಿಲೋಮೀಟರ್ ದೂರದ ಹೈಸ್ಕೂಲಿಗೆ ಸೈಕಲ್ಲಿನಲ್ಲಿ ಹೊರಟಿದ್ದೆ. ಹಳ್ಳದ ಮೋರಿ ದಾಟಿ ಎಡಕ್ಕೆ ತಿರುಗುವ ಜಾಗದಲ್ಲಿ ಮುಂದಿನ ಚಕ್ರ ಸರಕ್ಕನೆ ಜಾರಿತು. ಬ್ರೇಕು ಹಿಡಿಯಬೇಕೆಂದು ಯೋಚಿಸುವಷ್ಟರಲ್ಲಿ ನಾನು ಡಾಂಬರಿನ ಮೇಲೆ, ಸೈಕಲ್ಲು ಚರಂಡಿಯಲ್ಲಿ. ನೆಲಕ್ಕೆ ಊರಿದ ಬಲಗೈಯ ಮಣಿಕಟ್ಟಿನ ಮೂಳೆ ಮುರಿದಿತ್ತು. ಆರು ವಾರ ಪ್ಲಾಸ್ಟರು. ಅಷ್ಟು ದಿನವೂ ಎಡಗೈಯಲ್ಲಿ ಬೋರ್ಡಿನ ಮೇಲೆ ಬರೆದೆ. ನನ್ನ ಅಕ್ಷರ ನೋಡಿ ಮಕ್ಕಳು ನಕ್ಕರು. ನಗಲಿ ಎಂದು ನಾನೂ ಸುಮ್ಮನಿದ್ದೆ.

ಆ ಸೈಕಲ್ಲು ನನ್ನ ಮಗನದು. ಬೆಂಗಳೂರಿನಲ್ಲಿದ್ದಾಗ ಆಸೆಪಟ್ಟು ಕೊಂಡದ್ದು, ಬೇರೆ ಊರಿಗೆ ವರ್ಗವಾದಾಗ ಮನೆಗೆ ತಂದು ನಿಲ್ಲಿಸಿದ. ದಪ್ಪ ಟೈರಿನ, ಬೆಟ್ಟ ಹತ್ತುವ ಜಾತಿಯ 29 ಇಂಚಿನ ಸೈಕಲ್ಲು. ನನಗೆ ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿದೆ ಎಂದು ಡಾಕ್ಟರು ಹೇಳಿದ ಮೇಲೆ ಅದು ಜಗಲಿಯಿಂದ ರಸ್ತೆಗೆ ಇಳಿಯಿತು. ಇಷ್ಟು ದಪ್ಪ ಟೈರು, ಅದರ ಮೇಲೆ ಇಷ್ಟೊಂದು ಬಟನ್ನು, ಇನ್ನು ಜಾರುವ ಮಾತೆಲ್ಲಿ ಎಂಬುದು ನನ್ನ ಧೈರ್ಯ.

ಚರಂಡಿಯಿಂದ ಎತ್ತಿ ತಂದ ಸೈಕಲ್ಲನ್ನು ನಮ್ಮೂರ ಸೈಕಲ್ ಅಂಗಡಿಯ ಹಿರಿಯರು ತಿರುಗಿಸಿ ನೋಡಿದರು. ಟೈರನ್ನು ಹೆಬ್ಬೆರಳಿನಲ್ಲಿ ಒತ್ತಿದರು. ಅದು ಕಲ್ಲಿನ ಹಾಗಿತ್ತು.

"ಮೇಷ್ಟ್ರೇ, ಎಷ್ಟು ಗಾಳಿ ಹೊಡೆಸಿದ್ರಿ?"

"ಅರವತ್ತೈದು. ಟೈರಿನ ಮೇಲೇ ಬರೆದಿದೆಯಲ್ಲ!"

ಅವರು ನಕ್ಕರು. "ಅದು ಹೊಡೆಯಲೇಬೇಕಾದ ಗಾಳಿ ಅಲ್ಲ ಮೇಷ್ಟ್ರೇ. ಅದಕ್ಕಿಂತ ಜಾಸ್ತಿ ಹೊಡೀಬೇಡಿ ಅಂತ ಬರೆದದ್ದು."

ಒತ್ತಡವೆಂದರೆ ಬಲವನ್ನು ವಿಸ್ತೀರ್ಣದಿಂದ ಭಾಗಿಸಿದ್ದು ಎಂದು ಇಪ್ಪತ್ತೆಂಟು ವರ್ಷ ಪಾಠ ಹೇಳಿದವನು ನಾನು. ಟೈರಿನ ಮೇಲಿನ ಗರಿಷ್ಠ ಮಿತಿಯನ್ನು ಸಲಹೆಯೆಂದು ಓದಿಕೊಂಡಿದ್ದೆ! ಕೈ ಪ್ಲಾಸ್ಟರಿನಲ್ಲಿದ್ದ ಆರು ವಾರ ಕಲಿತದ್ದನ್ನು, ದೊಡ್ಡ ಗಾಲಿಯ ಸೈಕಲ್ಲಿಗೆ ಟೈರು ಕೊಳ್ಳಲು ಹೊರಟವರ ಮುಂದೆ ಇಡುತ್ತಿದ್ದೇನೆ.

29ಕ್ಕಿಂತ 28 ದೊಡ್ಡದು!

ಮೊದಲು ಅಳತೆಯ ವಿಚಾರ. ನಮ್ಮ ತಂದೆಯ ಕಾಲದ ಕರಿ ಸೈಕಲ್ಲಿನ ಟೈರಿನ ಮೇಲೆ '28 × 1½' ಎಂದಿರುತ್ತದೆ. ಈ ಹೊಸ ಸೈಕಲ್ಲಿನ ಟೈರಿನ ಮೇಲೆ '29 × 2.25' ಎಂದಿದೆ. ಹಾಗಾದರೆ ಹೊಸದರ ರಿಮ್ಮು ದೊಡ್ಡದಿರಬೇಕಲ್ಲವೇ? ಅಳೆದು ನೋಡಿದರೆ ತಿರುವುಮುರುವು. ಟೈರಿನ ಅಂಚು ರಿಮ್ಮಿನೊಳಗೆ ಕೂರುವ ಜಾಗದ ವ್ಯಾಸ ಕರಿ ಸೈಕಲ್ಲಿನಲ್ಲಿ 635 ಮಿ.ಮೀ., 29 ಇಂಚಿನದರಲ್ಲಿ 622 ಮಿ.ಮೀ. ಮಾತ್ರ!

ಗುಟ್ಟು ಇರುವುದು ಟೈರಿನ ದಪ್ಪದಲ್ಲಿ. 622ಕ್ಕೆ ಮೇಲೊಂದು, ಕೆಳಗೊಂದು 57 ಮಿ.ಮೀ. ಟೈರು ಸೇರಿಸಿದರೆ 736 ಮಿ.ಮೀ. ಆಗುತ್ತದೆ, ಅಂದರೆ 29 ಇಂಚು. ಆದ್ದರಿಂದ 29 ಎಂಬುದು ರಿಮ್ಮಿನ ಅಳತೆಯಲ್ಲ. ದಪ್ಪ ಟೈರು ಹಾಕಿದ ಮೇಲೆ ಗಾಲಿಯ ಒಟ್ಟು ಎತ್ತರ.

ಇದು ಬರಿಯ ಕುತೂಹಲದ ಸಂಗತಿಯಲ್ಲ. ಟೈರಿನ ಬದಿಯಲ್ಲಿ '57-622' ಎಂಬಂಥ ಇನ್ನೊಂದು ಅಳತೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊದಲನೆಯದು ಟೈರಿನ ಅಗಲ, ಎರಡನೆಯದು ರಿಮ್ಮಿನಲ್ಲಿ ಕೂರುವ ವ್ಯಾಸ. ಟೈರು ಕೊಳ್ಳುವಾಗ ನಂಬಬೇಕಾದದ್ದು ಇದನ್ನೇ. 27.5 ಇಂಚಿನ ಸೈಕಲ್ಲಿನದು 584, 26ರ ಬೆಟ್ಟದ ಸೈಕಲ್ಲಿನದು 559. ಅವು ನಮ್ಮ ರಿಮ್ಮಿಗೆ ಕೂರುವುದಿಲ್ಲ. ಆದರೆ '700 × 40' ಎಂದು ಬರೆದ ತೆಳು ಟೈರಿನ ಮೇಲೂ 622 ಇರುತ್ತದೆ. ಹೆಸರು ಬೇರೆಯಾದರೂ ಅದು ಇದೇ ರಿಮ್ಮಿನ ಕುಲದ್ದು. ಡಾಂಬರು ಬಿಟ್ಟು ಇಳಿಯದವರಿಗೆ ಈ ನೆಂಟಸ್ತಿಕೆ ಅನುಕೂಲದ್ದು. ರಿಮ್ಮು ತೀರಾ ಅಗಲವಾಗಿಲ್ಲದಿದ್ದರೆ ಅದನ್ನು ಹಾಕಿಕೊಳ್ಳಬಹುದು.

ಟೈರಿಗಾಗಿ ಕಾದ ಚಕ್ರ

ಗಾಳಿ ತುಂಬಿದ ಟೈರನ್ನು ಸೈಕಲ್ಲಿಗೆ ತಂದವನು ಜಾನ್ ಬಾಯ್ಡ್ ಡನ್ಲಪ್. ಬೆಲ್ಫಾಸ್ಟಿನಲ್ಲಿ ಪಶುವೈದ್ಯನಾಗಿದ್ದ ಈತ ಮಗನ ಮೂರು ಗಾಲಿಯ ಸೈಕಲ್ಲಿನ ಕುಲುಕಾಟ ತಪ್ಪಿಸಲು ಮಾಡಿದ ಉಪಾಯಕ್ಕೆ 1888ರಲ್ಲಿ ಪೇಟೆಂಟ್ ಸಿಕ್ಕಿತು. ಅದಕ್ಕೂ ನಾಲ್ಕು ದಶಕ ಮುಂಚೆಯೇ ರಾಬರ್ಟ್ ಥಾಮ್ಸನ್ ಎಂಬಾತ ಇದೇ ಯೋಚನೆಗೆ ಪೇಟೆಂಟ್ ಪಡೆದಿದ್ದ. ಆಗ ಅದನ್ನು ಬಳಸಿಕೊಳ್ಳುವ ಸೈಕಲ್ಲುಗಳೇ ಇರಲಿಲ್ಲ.

ಬೆಟ್ಟದ ಸೈಕಲ್ಲು ಹುಟ್ಟಿದ್ದು 1970ರ ದಶಕದಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ಟಮಲ್ಪಾಯಿಸ್ ಬೆಟ್ಟದ ಇಳಿಜಾರುಗಳಲ್ಲಿ. ಅಲ್ಲಿನ ಯುವಕರು ಹಳೆಯ ಭಾರದ ಸೈಕಲ್ಲುಗಳಲ್ಲಿ ಮಣ್ಣಿನ ದಾರಿಯಲ್ಲಿ ಇಳಿದು ಪಂದ್ಯವಾಡುತ್ತಿದ್ದರು. ಅವಕ್ಕಿದ್ದದ್ದು ಶ್ವಿನ್ ಕಂಪನಿ 1933ರಲ್ಲಿ ಬಳಕೆಗೆ ತಂದ 26 ಇಂಚಿನ ಉಬ್ಬು ಟೈರು. ದಪ್ಪ ಟೈರು ಸಿಗುತ್ತಿದ್ದದ್ದು ಆ ಅಳತೆಯಲ್ಲಿ, ಆದ್ದರಿಂದ ಬೆಟ್ಟದ ಸೈಕಲ್ಲೆಲ್ಲ 26 ಇಂಚಿನದಾಯಿತು. 622ರ ರಿಮ್ಮು ರಸ್ತೆ ಸೈಕಲ್ಲುಗಳಲ್ಲಿ ಮೊದಲಿನಿಂದಲೂ ಇತ್ತು. ಅದಕ್ಕೆ ತಕ್ಕ ದಪ್ಪ ಟೈರು ಇರಲಿಲ್ಲ. ವೈಲ್ಡರ್‌ನೆಸ್ ಟ್ರೇಲ್ ಬೈಕ್ಸ್ ಎಂಬ ಕಂಪನಿ 1999ರಲ್ಲಿ 2.1 ಇಂಚು ಅಗಲದ ನ್ಯಾನೊರ‍್ಯಾಪ್ಟರ್ ಟೈರು ತಂದ ಮೇಲೆ 29 ಇಂಚಿನ ಬೆಟ್ಟದ ಸೈಕಲ್ಲಿಗೆ ದಾರಿ ತೆರೆಯಿತು. 2012ರ ಲಂಡನ್ ಒಲಿಂಪಿಕ್ಸಿನ ಪುರುಷರ ಮೌಂಟನ್ ಬೈಕ್ ಸ್ಪರ್ಧೆಯಲ್ಲಿ ಜೆಕ್ ದೇಶದ ಯಾರೊಸ್ಲಾವ್ ಕುಲ್ಹವಿ ಚಿನ್ನ ಗೆದ್ದದ್ದು ಇಂಥದೇ ಗಾಲಿಯ ಮೇಲೆ.

ದೊಡ್ಡ ಗಾಲಿಯಿಂದ ಲಾಭವೇನು? ದಾರಿಯಲ್ಲಿ 5 ಸೆಂ.ಮೀ. ಎತ್ತರದ ಕಲ್ಲಿದೆ ಎನ್ನಿ. ಸನ್ನೆಯ ನಿಯಮದ ಪ್ರಕಾರ ಲೆಕ್ಕ ಹಾಕಿದರೆ, ಅದನ್ನು ಹತ್ತಿಸಲು 29ರ ಗಾಲಿಗೆ ಬೇಕಾಗುವ ತಳ್ಳುಬಲ 26ರ ಗಾಲಿಗಿಂತ ಸುಮಾರು ಶೇಕಡ 5ರಿಂದ 6 ಕಡಿಮೆ. ದೊಡ್ಡ ಅಂತರವೇನಲ್ಲ. ಆದರೆ ದಾರಿಯುದ್ದಕ್ಕೂ ಕಲ್ಲುಗಳಿದ್ದಾಗ ತೊಡೆಗೆ ಅದು ಗೊತ್ತಾಗುತ್ತದೆ. ನಷ್ಟವೂ ಇದೆ. ಗಾಲಿ ದೊಡ್ಡದಾದಷ್ಟೂ ಟೈರಿನ ರಬ್ಬರು ಹೆಚ್ಚು, ತೂಕ ಹೆಚ್ಚು. ನಿಂತಲ್ಲಿಂದ ಹೊರಡಿಸುವಾಗ ಆ ತೂಕವನ್ನೂ ತಿರುಗಿಸಬೇಕು. ಹಾಗಾಗಿ ಅಗತ್ಯಕ್ಕಿಂತ ದಪ್ಪ ಟೈರು ಹಾಕಿ ದೊಡ್ಡ ಗಾಲಿಯ ಲಾಭವನ್ನು ನಾವೇ ಕಳೆದುಕೊಳ್ಳಬಾರದು.

ಕಾರ್ಬನ್ ಪೇಪರಿನ ಪಾಠ

ಪ್ಲಾಸ್ಟರು ಬಿಚ್ಚಿದ ಮೇಲೆ ಹತ್ತನೇ ತರಗತಿಯ ಮಕ್ಕಳನ್ನು ಸೇರಿಸಿಕೊಂಡು ಒಂದು ಪ್ರಯೋಗ ಮಾಡಿದೆ. ಬೇಕಾದದ್ದು ಗ್ರಾಫ್ ಹಾಳೆ, ಕಾರ್ಬನ್ ಪೇಪರು, ಮಾಪಕವಿರುವ ಪಂಪು, ಮತ್ತು ಅಡಿಕೆ ತೂಗುವ ನೆಲದ ತಕ್ಕಡಿ. ತಕ್ಕಡಿಯ ಮೇಲೆ ಹಿಂದಿನ ಚಕ್ರ, ಅಷ್ಟೇ ಎತ್ತರದ ಹಲಗೆಯ ಮೇಲೆ ಮುಂದಿನ ಚಕ್ರ ಇಟ್ಟು, ಇಬ್ಬರು ಹುಡುಗರು ಹಿಡಿದುಕೊಂಡಿರಲು ನಾನು ಸೀಟಿನ ಮೇಲೆ ಕುಳಿತೆ. ಹಿಂದಿನ ಚಕ್ರದ ಮೇಲೆ 52 ಕಿಲೋ ಭಾರ. ಮುಂದಿನದರ ಮೇಲೆ 34.

ಟೈರಿನಲ್ಲಿ 60 ಪಿಎಸ್‌ಐ ಗಾಳಿ ಇದ್ದರೆ ಅದು ಚದರ ಸೆಂಟಿಮೀಟರಿಗೆ ಸುಮಾರು 4.2 ಕಿಲೋ ಒತ್ತಡ. 52 ಕಿಲೋ ಹೊರಲು ಟೈರು ನೆಲಕ್ಕೆ ಊರಬೇಕಾದ ಜಾಗ ಹನ್ನೆರಡು ಚದರ ಸೆಂಟಿಮೀಟರಿಗೆ ತುಸು ಹೆಚ್ಚು; ಹೆಚ್ಚುಕಡಿಮೆ ಒಂದು ಬೆಂಕಿಪೊಟ್ಟಣದ ಮುಖದಷ್ಟು. ಗಾಳಿಯನ್ನು 30ಕ್ಕೆ ಇಳಿಸಿದರೆ ಅದು ಎರಡರಷ್ಟಾಗುತ್ತದೆ, ಸುಮಾರು 25 ಚದರ ಸೆಂಟಿಮೀಟರು. ಟೈರು ಬದಲಾಗಿಲ್ಲ, ಒಂದು ಪೈಸೆ ಖರ್ಚಿಲ್ಲ, ಹಿಡಿತದ ಜಾಗ ಮಾತ್ರ ದುಪ್ಪಟ್ಟು!

ಕಾರ್ಬನ್ ಪೇಪರಿನಡಿ ಗ್ರಾಫ್ ಹಾಳೆಯಿಟ್ಟು ಚಕ್ರ ಒತ್ತಿಸಿ, ಮೂಡಿದ ಅಚ್ಚಿನ ಹೊರಗೆರೆಯೊಳಗಿನ ಚೌಕಗಳನ್ನು ಮಕ್ಕಳು ಎಣಿಸಿದರು. ಲೆಕ್ಕಕ್ಕೂ ಅಚ್ಚಿಗೂ ಸ್ವಲ್ಪ ವ್ಯತ್ಯಾಸ ಬಂತು. ಟೈರಿನ ಗೋಡೆಗೂ ತನ್ನದೇ ಬಿಗುವಿರುತ್ತದೆ, ಬಟನ್ನುಗಳ ನಡುವೆ ಖಾಲಿ ಜಾಗವಿರುತ್ತದೆ. ಹಾಗಾಗಿ ಲೆಕ್ಕ ತಾಳೆಯಾಗದಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡು ಅಚ್ಚುಗಳನ್ನು ಅಕ್ಕಪಕ್ಕ ಇಟ್ಟಾಗ ವಿವರಣೆಯೇ ಬೇಕಾಗಲಿಲ್ಲ. ನನ್ನ ಮಣಿಕಟ್ಟು ಏಕೆ ಮುರಿಯಿತೆಂದು ಮಕ್ಕಳು ನನಗೇ ಹೇಳಿದರು.

ಹಾಗಾದರೆ ಗಾಳಿ ಕಡಿಮೆಯಾದಷ್ಟೂ ಒಳ್ಳೆಯದೇ? ಅದೂ ಅಲ್ಲ. ತೀರಾ ಕಡಿಮೆಯಾದರೆ ಕಲ್ಲಿಗೆ ಬಡಿದಾಗ ಟೈರು ಪೂರ್ತಿ ಚಪ್ಪಟೆಯಾಗಿ, ಟ್ಯೂಬು ಕಲ್ಲು ಮತ್ತು ರಿಮ್ಮಿನ ನಡುವೆ ಸಿಕ್ಕಿಕೊಳ್ಳುತ್ತದೆ. ಟ್ಯೂಬು ಬಿಚ್ಚಿದರೆ ಹಾವು ಕಚ್ಚಿದಂತೆ ಜೋಡಿ ತೂತು ಕಾಣುತ್ತದೆ. ತಿರುವಿನಲ್ಲಿ ಟೈರು ಪಕ್ಕಕ್ಕೆ ವಾಲಾಡುತ್ತದೆ. ನುಣುಪಾದ ಡಾಂಬರಿನಲ್ಲಿ ರಬ್ಬರು ಮಡಚಿ ಬಿಡಿಸಿಕೊಳ್ಳುವುದರಲ್ಲೇ ನಮ್ಮ ಶ್ರಮ ಶಾಖವಾಗಿ ಸೋರಿಹೋಗುತ್ತದೆ. ಆದರೆ ಜಲ್ಲಿಕಲ್ಲಿನ ದಾರಿಯಲ್ಲಿ ಲೆಕ್ಕ ಬೇರೆ. ಅಲ್ಲಿ ಗಟ್ಟಿ ಟೈರು ಪ್ರತಿ ಕಲ್ಲಿಗೂ ಸವಾರನನ್ನೇ ಎತ್ತಿ ಹಾಕುತ್ತದೆ. ಮೆದು ಟೈರು ಕಲ್ಲನ್ನು ತನ್ನೊಳಗೆ ನುಂಗಿಕೊಂಡು ಮುಂದೆ ಹೋಗುತ್ತದೆ.

ನನ್ನ ತೂಕ 71 ಕಿಲೋ, ಟೈರಿನ ಅಗಲ 2.25 ಇಂಚು, ಒಳಗೆ ಟ್ಯೂಬು. ನಾನೀಗ ಇಡುವುದು ಡಾಂಬರಿಗೆ ಹಿಂದೆ 42, ಮುಂದೆ 38. ಮಣ್ಣಿನ ದಾರಿಗೆ ಹಿಂದೆ 34, ಮುಂದೆ 30. ತೂಕ ಹೆಚ್ಚಿದ್ದವರು ಇದಕ್ಕಿಂತ ಹೆಚ್ಚು, ಕಡಿಮೆಯಿದ್ದವರು ಕಡಿಮೆ ಇಟ್ಟು ನೋಡಬೇಕು. ಟೈರಿನ ಮೇಲೆ ಕನಿಷ್ಠ, ಗರಿಷ್ಠ ಎರಡೂ ಇದ್ದರೆ ಅದರ ನಡುವೆಯೇ ಇರಲಿ. ಹೆಬ್ಬೆರಳಿನ ಅಂದಾಜು ಸಾಲದು, ಮಾಪಕವಿರುವ ಪಂಪೇ ಬೇಕು. ಪೆಟ್ರೋಲ್ ಬಂಕಿನ ಗಾಳಿಯೂ ಬೇಡ. ಲಾರಿಗೆ ಗಾಳಿ ತುಂಬುವ ಯಂತ್ರಕ್ಕೆ ಸೈಕಲ್ ಟ್ಯೂಬು ಒಂದು ಗುಟುಕು.

ಬಟನ್ನು ಎಷ್ಟು ಬೇಕು?

ಅಂಗಡಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಟೈರಿನ ಮೇಲಿನ ಬಟನ್ನುಗಳೇ. ಬಟನ್ನು ದೊಡ್ಡದಿದ್ದಷ್ಟೂ ಹಿಡಿತ ಹೆಚ್ಚೆಂಬ ನಂಬಿಕೆ ಎಲ್ಲರಲ್ಲೂ ಇದೆ. ನೆಲ ಮೆತ್ತಗಿದ್ದರೆ ಮಾತ್ರ ಅದು ನಿಜ. ಬಟನ್ನಿನ ಕೆಲಸ ನೆಲಕ್ಕೆ ಇಳಿದು ಕಚ್ಚುವುದು, ಗದ್ದೆಯಲ್ಲಿ ಎತ್ತಿನ ಗೊರಸು ಊರಿದ ಹಾಗೆ. ಡಾಂಬರಿಗೆ ಅದು ಇಳಿಯುವುದೆಲ್ಲಿ? ಅಲ್ಲಿ ಬಟನ್ನುಗಳ ತುದಿ ಮಾತ್ರ ನೆಲಕ್ಕೆ ತಾಗಿ, ತಿರುವಿನಲ್ಲಿ ಅವು ಪಕ್ಕಕ್ಕೆ ಬಾಗುತ್ತವೆ. ಗಟ್ಟಿ ಗಾಳಿಯೂ ಸೇರಿತೋ, ಮೋರಿ ತಿರುವಿನಲ್ಲಿ ನನಗಾದದ್ದೇ ಆಗುತ್ತದೆ.

ಮಳೆಯಲ್ಲಿ ನೀರನ್ನು ಪಕ್ಕಕ್ಕೆ ತಳ್ಳಲು ಅಚ್ಚು ಬೇಡವೇ ಎಂದು ಕೇಳಬಹುದು. ಕಾರಿಗೆ ಬೇಕು. ನೀರಿನ ಪದರದ ಮೇಲೆ ಟೈರು ತೇಲಲಾರಂಭಿಸುವ ವೇಗವು ಗಾಳಿಯ ಒತ್ತಡದ ವರ್ಗಮೂಲವನ್ನು ಅವಲಂಬಿಸಿದೆ. ವಿಮಾನದ ಟೈರುಗಳಿಗೆ ಬಳಸುವ ಸೂತ್ರದಿಂದ ಲೆಕ್ಕ ಹಾಕಿದರೆ 40 ಪಿಎಸ್‌ಐಗೆ ಅದು ಗಂಟೆಗೆ ಸುಮಾರು 105 ಕಿಲೋಮೀಟರ್. ನಾವು ಸೈಕಲ್ಲಿನಲ್ಲಿ ಆ ವೇಗ ಮುಟ್ಟುವವರಲ್ಲ. ಅದೂ ಅಲ್ಲದೆ ಸೈಕಲ್ ಟೈರಿನ ದುಂಡನೆಯ ಮೈ ದೋಣಿಯ ತಳದಂತೆ ನೀರನ್ನು ಸೀಳುತ್ತದೆ. ಒದ್ದೆ ಡಾಂಬರಿನಲ್ಲಿ ಸೈಕಲ್ಲಿಗೆ ಬೇಕಾದದ್ದು ನೆಲಕ್ಕೆ ಹೆಚ್ಚಾಗಿ ತಾಗುವ ಮೆದು ರಬ್ಬರು.

ಆದ್ದರಿಂದ ಟೈರು ಆರಿಸುವ ಮೊದಲು ನಿಮ್ಮ ದಾರಿಯನ್ನು ಒಮ್ಮೆ ನೆನಪಿನಲ್ಲಿ ಸವೆಸಿ ಬನ್ನಿ.

ಮುಕ್ಕಾಲು ಪಾಲು ಡಾಂಬರಾದರೆ ನಡುವೆ ನುಣುಪಾಗಿದ್ದು ಅಂಚಿನಲ್ಲಿ ಮಾತ್ರ ಬಟನ್ನಿರುವ ಟೈರು ಸಾಕು. ಅಗಲ 2 ಇಂಚಿನ ಆಸುಪಾಸು.

ಒಣಗಿ ಗಟ್ಟಿಯಾದ ಮಣ್ಣು, ಜಂಬಿಟ್ಟಿಗೆ ನೆಲವಾದರೆ ಗಿಡ್ಡ ಬಟನ್ನು, ಒತ್ತೊತ್ತಾಗಿ ಇರುವಂಥದ್ದು. ಅಗಲ 2.1ರಿಂದ 2.25. ಜಂಬಿಟ್ಟಿಗೆಯ ಮೇಲೆ ಹರಳು ಚೆಲ್ಲಿದ್ದರೆ ಅವು ಬಾಲ್ ಬೇರಿಂಗಿನಂತೆ ಉರುಳುತ್ತವೆ. ಅಲ್ಲಿ ಅಂಚಿನ ಬಟನ್ನುಗಳು ಗಟ್ಟಿಮುಟ್ಟಾಗಿರಬೇಕು.

ಮಲೆನಾಡಿನ ಮಳೆಗಾಲದ ಅಂಟು ಕೆಸರಾದರೆ ಬಟನ್ನು ಎತ್ತರವಿರಬೇಕು, ದೂರದೂರ ಇರಬೇಕು. ಒತ್ತೊತ್ತಾಗಿದ್ದರೆ ಸಂದಿಯಲ್ಲಿ ಕೆಸರು ಮೆತ್ತಿಕೊಂಡು ಟೈರು ರೊಟ್ಟಿಯ ಲಟ್ಟಣಿಗೆಯಂತೆ ನುಣ್ಣಗಾಗುತ್ತದೆ. ಇಲ್ಲಿ ಅತಿ ಅಗಲವೂ ಬೇಡ. ತುಸು ಕಿರಿದಾದ ಟೈರು ಮೇಲಿನ ಕೆಸರನ್ನು ಸೀಳಿ ಕೆಳಗಿನ ಗಟ್ಟಿ ನೆಲ ಹುಡುಕುತ್ತದೆ, ಚೌಕಟ್ಟಿಗೆ ಕೆಸರು ತುಂಬುವುದೂ ಕಡಿಮೆ.

ಕಲ್ಲು, ಬೇರುಗಳ ಕಾಡುದಾರಿಯಾದರೆ ಗಾಳಿಯ ಗಾತ್ರವೇ ನಿಮ್ಮ ಮೆತ್ತೆ. ಸೈಕಲ್ಲಿನಲ್ಲಿ ಜಾಗವಿದ್ದರೆ 2.3, 2.4 ಇಂಚಿಗೂ ಹೋಗಬಹುದು.

ಒಂದೇ ಟೈರಿಗೆ ದುಡ್ಡಿದ್ದರೆ

29ರ ಟೈರಿನ ಬೆಲೆ ಸಾವಿರ ರೂಪಾಯಿಯೊಳಗಿನಿಂದ ಹಿಡಿದು ಹಲವು ಸಾವಿರದವರೆಗೂ ಇದೆ. ನಮ್ಮ ಹತ್ತನೇ ತರಗತಿಯ ಹುಡುಗನೊಬ್ಬ ಅಣ್ಣ ಬಿಟ್ಟುಹೋದ ಇಂಥದೇ ಸೈಕಲ್ಲಿನಲ್ಲಿ ಕಾಡಂಚಿನ ಮಣ್ಣುದಾರಿಯಲ್ಲಿ ಬರುತ್ತಾನೆ. ಹಿಂದಿನ ಟೈರಿನ ಬಟನ್ನು ಸವೆದು ಅರ್ಧವಾಗಿತ್ತು. ತಾಯಿ ಡೇರಿಗೆ ಹಾಲು ಹಾಕಿದ ದುಡ್ಡಿನಲ್ಲಿ ಒಂದು ಟೈರಿಗೆ ಆಗುವಷ್ಟು ಕೊಟ್ಟಿದ್ದರು.

"ಸಾರ್, ಹಿಂದಿಂದು ಹೊಸದು ಹಾಕಿಸ್ಲಾ?"

"ಹೊಸದು ಮುಂದೆ ಹಾಕ್ಸು. ಈಗ ಮುಂದಿರೋದನ್ನ ಹಿಂದಕ್ಕೆ ಹಾಕು" ಎಂದೆ.

ಅವನಿಗೆ ನಂಬಿಕೆ ಬರಲಿಲ್ಲ. ಸವೆದದ್ದು ಹಿಂದಿನದು, ಹೊಸದು ಮುಂದಕ್ಕೇಕೆ? ಹಿಂದಿನ ಟೈರು ಬೇಗ ಸವೆಯುವುದು ನಿಜ. ಭಾರವೂ ಅದರ ಮೇಲೆ ಹೆಚ್ಚು, ಪೆಡಲಿನ ಬಲವೂ ಅದರ ಮೂಲಕವೇ ನೆಲಕ್ಕೆ ಹೋಗಬೇಕು. ಆದರೆ ಹಿಂದಿನ ಚಕ್ರ ಜಾರಿದರೆ ಸೈಕಲ್ಲು ಬಾಲ ಅಲ್ಲಾಡಿಸುತ್ತದೆ, ಹ್ಯಾಂಡಲ್ ತಿರುಗಿಸಿ ಅನೇಕ ವೇಳೆ ಉಳಿದುಕೊಳ್ಳಬಹುದು. ಮುಂದಿನದು ಜಾರಿದರೆ ತಿರುಗಿಸುವ ಚಕ್ರವೇ ಕೈಬಿಟ್ಟಂತೆ, ಬೀಳುವುದೊಂದೇ ಬಾಕಿ. ಅವನಿಗೆ ಸೂತ್ರ ಹೇಳಲಿಲ್ಲ, ಇನ್ನೂ ಪೂರ್ತಿ ಮಡಚಲು ಬಾರದ ನನ್ನ ಮಣಿಕಟ್ಟು ತೋರಿಸಿದೆ. ಹುಡುಗ ಮರುಮಾತಾಡದೆ ಒಪ್ಪಿಕೊಂಡ.

ಹಾಗೆಂದು ನೂಲು ಕಾಣುವಷ್ಟು ಸವೆದ ಟೈರನ್ನು ಹಿಂದೆಯೂ ಇಟ್ಟುಕೊಳ್ಳಬಾರದು. ಬದಿಯಲ್ಲಿ ಸೀಳು ಬಿಟ್ಟಿದ್ದರೆ ಅದಕ್ಕೆ ತೇಪೆ ಹಾಕಿ ದಿನ ದೂಡುವುದೂ ಬೇಡ. ಎರಡೂ ಹೊಸದು ಕೊಳ್ಳಲು ಸಾಧ್ಯವಿದ್ದವರು ಮುಂದಕ್ಕೆ ಹೆಚ್ಚು ಹಿಡಿತದ, ಅಂಚಿನ ಬಟನ್ನು ಬಲವಾಗಿರುವ ಟೈರನ್ನೂ, ಹಿಂದಕ್ಕೆ ಗಿಡ್ಡ ಬಟನ್ನಿನ, ಹಗುರಾಗಿ ಉರುಳುವ ಟೈರನ್ನೂ ಆರಿಸಿಕೊಳ್ಳಬಹುದು. ಎರಡೂ ಒಂದೇ ಬಗೆಯದಾಗಿರಬೇಕೆಂಬ ನಿಯಮವಿಲ್ಲ.

ಒಳಗಿನ ನೂಲು, ಹೊರಗಿನ ರಬ್ಬರು

ಟೈರೆಂದರೆ ಬರಿಯ ರಬ್ಬರಲ್ಲ. ರಬ್ಬರಿನಲ್ಲಿ ಅದ್ದಿದ ನೂಲಿನ ಹಾಸು. ಒಂದು ಇಂಚಿನಲ್ಲಿ ಎಷ್ಟು ಎಳೆ ಎಂಬುದನ್ನು ಟಿಪಿಐ ಎಂದು ನಮೂದಿಸಿರುತ್ತಾರೆ. 30ರ ಆಸುಪಾಸಿನದು ಗೋಣಿತಟ್ಟಿನಂತೆ: ಒರಟು, ಭಾರ, ಅಗ್ಗ, ಗಟ್ಟಿ. 120ರದು ನಯವಾದ ಪಂಚೆಯಂತೆ: ಹಗುರ, ನೆಲಕ್ಕೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಆದರೆ ಚೂಪು ಕಲ್ಲಿಗೆ ಬೇಗ ಸೀಳಬಹುದು. ದಿನನಿತ್ಯದ ಓಡಾಟಕ್ಕೆ 60 ಒಳ್ಳೆಯ ನಡುದಾರಿ. ಅಂಚಿನಲ್ಲಿ ಉಕ್ಕಿನ ತಂತಿಯಿದ್ದರೆ ಟೈರು ಅಗ್ಗ. ಅದರ ಬದಲು ಅರಾಮಿಡ್ ನಾರಿದ್ದರೆ ಹಗುರ, ಮಡಚಿ ಚೀಲದಲ್ಲಿ ಇಟ್ಟುಕೊಳ್ಳಬಹುದು, ಬೆಲೆ ಮಾತ್ರ ಹೆಚ್ಚು.

ರಬ್ಬರಿನ ಗುಣಕ್ಕೆ ಶಾಲೆಯ ಅಳಿಸುವ ರಬ್ಬರನ್ನೇ ನೆನೆಸಿಕೊಳ್ಳಿ. ಮೆತ್ತನೆಯದು ಕಾಗದವನ್ನು ಹಿಡಿದು ಚೆನ್ನಾಗಿ ಅಳಿಸುತ್ತದೆ, ಬೇಗ ಸವೆಯುತ್ತದೆ. ಗಟ್ಟಿಯದು ವರ್ಷಗಟ್ಟಲೆ ಬಾಳುತ್ತದೆ, ಜಾರುತ್ತದೆ. ಟೈರಿನ ಮಾತೂ ಅಷ್ಟೇ.

ಈಚೆಗೆ ಟ್ಯೂಬಿಲ್ಲದ ಟೈರುಗಳೂ ಬಂದಿವೆ. ಒಳಗೆ ಹಾಲಿನಂಥ ದ್ರವ ಹಾಕುತ್ತಾರೆ. ಮುಳ್ಳು ಚುಚ್ಚಿದಾಗ ಅದು ತೂತಿಗೆ ನುಗ್ಗಿ ಹೆಪ್ಪುಗಟ್ಟುತ್ತದೆ. ಟ್ಯೂಬೇ ಇಲ್ಲದ್ದರಿಂದ ಜೋಡಿ ತೂತಿನ ಭಯವಿಲ್ಲ, ಇನ್ನಷ್ಟು ಕಡಿಮೆ ಗಾಳಿಯಲ್ಲಿ ಓಡಿಸಬಹುದು. ಆದರೆ ರಿಮ್ಮು, ಟೈರು ಎರಡೂ ಅದಕ್ಕೆಂದೇ ಮಾಡಿದವಾಗಿರಬೇಕು, ಕೆಲವು ತಿಂಗಳಿಗೊಮ್ಮೆ ದ್ರವ ತುಂಬಬೇಕು. ಆ ದ್ರವ ಸುಲಭವಾಗಿ ಸಿಗದ ಊರಿನಲ್ಲಿರುವ ನಾನು ಟ್ಯೂಬನ್ನೇ ಉಳಿಸಿಕೊಂಡಿದ್ದೇನೆ.

ಕೊಳ್ಳುವ ಮುನ್ನ

ಅಂಗಡಿಗೆ ಹೋಗುವಾಗ ಈ ನಾಲ್ಕು ವಿಷಯ ನೆನಪಿರಲಿ. ಟೈರಿನ ಮೇಲೆ 622 ಇದೆಯೇ? ಟೈರು ತಿರುಗುವಾಗ ಚೌಕಟ್ಟಿಗೂ ಅದಕ್ಕೂ ಎರಡೂ ಬದಿಯಲ್ಲಿ ಕಿರುಬೆರಳು ತೂರುವಷ್ಟಾದರೂ ಜಾಗ ಉಳಿಯುತ್ತದೆಯೇ? ರಿಮ್ಮಿನ ಅಗಲಕ್ಕೆ ಟೈರು ತೀರಾ ದೊಡ್ಡದಾಗಿಲ್ಲವೇ? ಬದಿಯಲ್ಲಿ ಬಾಣದ ಗುರುತಿದ್ದರೆ ಅದು ಮುಂದೆ ಉರುಳುವ ದಿಕ್ಕಿಗೆ ಇದೆಯೇ?

ಆದರೆ ಇದೆಲ್ಲಕ್ಕೂ ಮೊದಲು, ಈಗಿರುವ ಟೈರಿನ ಗಾಳಿಯನ್ನು ಅಳೆದು ಸರಿಮಾಡಿ ಒಂದು ವಾರ ಓಡಿಸಿ ನೋಡಿ. ಹೊಸ ಟೈರು ಬೇಕೇ ಇಲ್ಲವೆಂದು ಗೊತ್ತಾಗಲೂಬಹುದು.

ನಾನೀಗಲೂ ಅದೇ ಮೋರಿ ದಾಟಿ ಶಾಲೆಗೆ ಹೋಗುತ್ತೇನೆ. ನಡುವೆ ನುಣುಪಾದ, ತುಸು ಮೆದು ರಬ್ಬರಿನ ಟೈರು ಮುಂದಿದೆ. ಆದರೂ ಮಳೆ ಬಿದ್ದ ದಿನ ಆ ತಿರುವಿನಲ್ಲಿ ವೇಗ ತಗ್ಗಿಸುತ್ತೇನೆ. ಯಾವ ಟೈರೂ ಪಾಚಿಯನ್ನು ಗೆದ್ದದ್ದಿಲ್ಲ. ಮಾಪಕದ ಪಂಪು ಮಾತ್ರ ಮನೆಯಲ್ಲಿ ಉಳಿಯಲಿಲ್ಲ, ಶಾಲೆಯ ಸೈಕಲ್ ಸ್ಟ್ಯಾಂಡಿಗೆ ಹೋಗಿದೆ. ಸೋಮವಾರ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಹಾಲಿನ ದುಡ್ಡಿನಲ್ಲಿ ಟೈರು ಕೊಂಡ ಆ ಹುಡುಗ ಅದನ್ನು ಹಿಡಿದು ನಿಂತಿರುತ್ತಾನೆ. ನನ್ನ ಸೈಕಲ್ಲು ಒಳಗೆ ಬಂದ ಕೂಡಲೇ ಕೇಳುತ್ತಾನೆ: "ಸಾರ್, ಇವತ್ತು ಎಷ್ಟಿದೆ?"